ಅಕ್ಕನಿಗಿಲ್ಲದ ಜಾಗ

ಇವತ್ತಿನ ಪ್ರವಚನದಲ್ಲಿ ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಯಾವ ಊರು ಎಂದು ಕೇಳಬೇಡಿ, ನಿಮ್ಮೂರೇ ಎಂದುಕೊಂಡರೂ ನನ್ನ ತಕರಾರಿಲ್ಲ. ಕಂಪ್ಯೂಟರ್ ಆಗಷ್ಟೇ ಬಂದಿದ್ದ ಕಾಲ. ಊರಿಗೆಲ್ಲ ಮೊದಲು ಈತನೇ ಒಂದನ್ನು ತರಿಸಿದ. ಯಾಕೆ? ತೀರಿಹೋದ ತಂದೆಯ ಜೀವನಚರಿತ್ರೆಯನ್ನು ತಾನೇ ಟೈಪ್ ಮಾಡಿ ಅಚ್ಚು ಹಾಕಿಸಬೇಕು, ದೊಡ್ಡವರನ್ನೆಲ್ಲ ಕರೆದು ಬಿಡುಗಡೆ ಮಾಡಿಸಬೇಕು.

ನೋಡಿ, ಆಗಿನ ಕಂಪ್ಯೂಟರಿಗೆ ಮೆಮೊರಿ ಅಷ್ಟಕ್ಕಷ್ಟೇ. ನಿಮ್ಮ ಜೇಬಿನ ಫೋನಿನಲ್ಲಿರುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುತ್ತಿರಲಿಲ್ಲ. ಪುಸ್ತಕ ಅರ್ಧ ಆಗುವುದರೊಳಗೆ ಮೆಮೊರಿ ತುಂಬಿತು, ಪರದೆ ಅಲ್ಲಾಡದೆ ನಿಂತಿತು. ಈತ ಬಿಟ್ಟನೇ? ಹಟಕ್ಕೆ ಬಿದ್ದ. ಮೂಲೆಯಲ್ಲಿ ಗಂಟೆ ತೋರಿಸುತ್ತಿದ್ದ ಪ್ರೋಗ್ರಾಮನ್ನು ಕಿತ್ತುಹಾಕಿದ. ಪುಸ್ತಕವನ್ನು ತುಂಡು ತುಂಡು ಮಾಡಿ ಬೇರೆ ಬೇರೆ ಫ್ಲಾಪಿಗೆ ಹಾಕಿದ. ಒಂದನ್ನು ತೆಗೆದು ಇನ್ನೊಂದನ್ನು ತುರುಕಿದ. ತಂದೆ ಸಾಕಿದ ಕುದುರೆಗೆ ಜಾಗವಾಯಿತು. ತಂದೆಯ ಮುಖವನ್ನೇ ಕಾಣದ ಮಂತ್ರಿಯ ಸಂದೇಶಕ್ಕೂ ಜಾಗವಾಯಿತು.

ಅಕ್ಕನಿಗೆ ಮಾತ್ರ ಆಗಲಿಲ್ಲ. ಹಾಸಿಗೆ ಹಿಡಿದ ತಂದೆಯ ಮಲಮೂತ್ರ ಬಳಿದವಳು ಅವಳು. ಆದರೆ ಗಂಡ ಸತ್ತ ಮೇಲೆ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ಹೊಟ್ಟೆ ಹೊರೆಯುತ್ತಿದ್ದಳಲ್ಲ, ದೊಡ್ಡವರ ಮುಂದೆ ಅಂಥವಳ ಹೆಸರು ಬಂದರೆ ಮನೆತನದ ಮರ್ಯಾದೆ ಏನಾಗಬೇಕು? ಅವಳ ಬಗ್ಗೆ ಬರೆದಿದ್ದನ್ನೆಲ್ಲ ತನ್ನ ಕೈಯಾರೆ ಅಳಿಸಿದ.

ಬಿಡುಗಡೆಯ ದಿನ ಅಕ್ಕ ಹಿಂದಿನ ಸಾಲಿನಲ್ಲಿ ಕುಳಿತು ಪುಸ್ತಕವನ್ನು ಮೊದಲಿಂದ ಕೊನೆಯವರೆಗೂ ತಿರುವಿದಳು. ಆಮೇಲೆ ತಮ್ಮನ ಹತ್ತಿರ ಬಂದು, ತನ್ನ ವಿಷಯ ಯಾವ ಪುಟದಲ್ಲಿದೆ ಎಂದು ಮೆಲ್ಲಗೆ ಕೇಳಿದಳು. ಅವನು ಮೆಷಿನ್ನಿನಲ್ಲಿ ಮೆಮೊರಿ ಸಾಕಾಗಲಿಲ್ಲ ಎಂದುಬಿಟ್ಟ.

ಅವಳು ನಂಬಿದಳು.

"ಹೋಗ್ಲಿ ಬಿಡಪ್ಪ, ನಾನ್ಯಾರು ಅಂತ ಅದಕ್ಕೇನ್ ಗೊತ್ತು. ನಿಂಗೆ ನೆನಪಿದೆಯಲ್ಲ, ನಂಗಷ್ಟು ಸಾಕು," ಎಂದು ಅವನ ಕೆನ್ನೆ ಸವರಿ ಹೋದಳು. ಆ ವರ್ಷವೇ ತೀರಿಕೊಂಡಳು. ಅವಳು ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ನಂಬಿ ಹೋದಳಲ್ಲ, ಅದನ್ನು ನುಂಗಲಾರದೆ ಸಾಯುವವರೆಗೂ ಒದ್ದಾಡಿದ.

ಅಯ್ಯೋ ಪಾಪಿ ಎನ್ನುತ್ತಿದ್ದೀರಿ, ಅಲ್ಲವೇ? ಮೊನ್ನೆ ಮಗಳ ಮದುವೆಗೆ ಬಡ ಅತ್ತಿಗೆಯನ್ನು ಕರೆಯದೆ, ಗಡಿಬಿಡಿಯಲ್ಲಿ ಬಿಟ್ಟುಹೋಯಿತು ಎಂದವರು ಇಲ್ಲೇ ಕುಳಿತಿದ್ದೀರಿ. ಬಿಟ್ಟುಹೋಯಿತೇ? ನೀವು ಬಿಟ್ಟಿರಿ. ನಿಮ್ಮ ಸುಳ್ಳು ಕೇಳಿ ಅವಳು ಸುಮ್ಮನಾದಳು ಎಂದು ಗೆದ್ದೆವೆಂದುಕೊಳ್ಳಬೇಡಿ. ಇವತ್ತು ಮನೆಗೆ ಹೋಗುವ ದಾರಿಯಲ್ಲೇ ಅವಳ ಬಾಗಿಲು ತಟ್ಟಿ. ಮರೆತೆ ಎನ್ನಬೇಡಿ. ಬೇಕೆಂದೇ ಬಿಟ್ಟೆ, ತಪ್ಪಾಯಿತು ಎನ್ನಿ. ಅಷ್ಟು ಹೇಳಲಾಗದಿದ್ದರೆ ನಾಳೆ ಇಲ್ಲಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ.