ಬುಧವಾರದ ಔಷಧಿ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿದ್ದ ಮಗುವಿನ ಮೈ ಜ್ವರದಿಂದ ಕೆಂಡವಾಗಿತ್ತು.

“ಔಷಧಿ ಬರೆಸ್ಕೊ. ಆದ್ರೆ ಇವತ್ತು ಬುಧವಾರ, ಕುಡಿಸೋ ಹಾಗಿಲ್ಲ. ನಾಳೆ ಕೊಡೋಣ,” ಎಂದರು ಅತ್ತೆ.

“ನಾಳೆನಾ? ಮೈ ಮುಟ್ಟಿ ನೋಡಿ ಅತ್ತೆ!”

“ನಮ್ಮನೇಲಿ ಯಾರೂ ಕುಡಿಸಿಲ್ಲಮ್ಮ. ನಮ್ಮತ್ತೆ ಹೇಳಿದ್ದು.”

“ಅವರಿಗೆ ಯಾರು ಹೇಳಿದ್ರು?”

“ಅವರತ್ತೆ. ಆಗೆಲ್ಲ ಬುಧವಾರ ಔಷಧಿ ಅಂಗಡಿಗೆ ರಜವಂತೆ.”

“ಅಯ್ಯೋ ದೇವ್ರೇ! ಈಗ ತೆಗೆದೇ ಇದೆಯಲ್ಲ, ಅಲ್ಲೇ ಎದುರಿಗೆ!”

“ಅಂಗಡಿಯವನು ಬಾಗಿಲು ತೆಗೆದ ಅಂತ ನಾವು ನೇಮ ಬಿಡೋಕಾಗುತ್ತೇನೇ?”

ನರ್ಸ್ ಕೂಗಿದಳು. ಸೊಸೆ ಹಲ್ಲು ಕಚ್ಚಿ, ಮಗುವನ್ನೆತ್ತಿಕೊಂಡು ಒಳಗೆ ನಡೆದಳು. ಅತ್ತೆಯೂ ಚೀಲ ಬಾಚಿಕೊಂಡು ಹಿಂದೆಯೇ ಓಡಿದರು.

“ಏ, ಡಾಕ್ಟರಿಗೆ ಹೇಳಿ ಸೂಜಿ ಹಾಕಿಸ್ಬಿಡೇ! ಅದೇನು ಕುಡಿಸೋದಲ್ಲವಲ್ಲ!”