ಹಿಂದಿನ ಸೀಟಿನ ಸದ್ದು

ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವ ದರ್ಜಿ, ಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಸರ್ವಿಸ್ ಸೆಂಟರಿನಲ್ಲಿ ಕಾದು ಕೂತಿದ್ದ. ಎದುರಿನ ಮೇಜಿನಲ್ಲಿ ಮೇಲ್ವಿಚಾರಕ ಒಬ್ಬ ಹೆಂಗಸಿಗೆ ಬಿಲ್ ವಿವರಿಸುತ್ತಿದ್ದ. ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ಬ್ಯಾಟರಿ ಹೊಸದು ಹಾಕಿದ್ದೀವಿ ಮೇಡಂ. ಚಾರ್ಜರೂ ಸುಟ್ಟುಹೋಗಿತ್ತು.”

“ಇಷ್ಟು ದುಡ್ಡಿಗೆ ಇನ್ನೊಂದು ಕಾರೇ ಬರ್ತಿತ್ತಲ್ಲಪ್ಪ!”

“ಪೆಟ್ರೋಲು, ಕರೆಂಟು ಎರಡರಲ್ಲೂ ಓಡೋ ಗಾಡಿ. ಕೆಟ್ರೆ ಖರ್ಚೂ ಎರಡು ಕಡೆ.”

“ಹಿಂದಿನ ಸೀಟಿಂದು? ಯಾರೂ ಕೂತಿರದಿದ್ರೂ ಬೆಲ್ಟ್ ಹಾಕಿ ಅಂತ ಕೂಗ್ತಿತ್ತಲ್ಲ?”

“ಅದು ತಾನಾಗೇ ನಿಂತೋಯ್ತು. ನಿನ್ನೆ ಓಡಿಸಿ ನೋಡುವಾಗ ಒಂದೇ ಸಮನೆ ಕೂಗ್ತಿತ್ತು. ವಾಪಸ್ ಬಂದು ಹಿಂದಿನ ಬಾಗಿಲು ತೆಗೆದ್ವಿ ನೋಡಿ, ಆಮೇಲೆ ಸದ್ದೇ ಇಲ್ಲ.”

ಹೆಂಗಸು ಬಿಲ್ ಮಡಚಿದಳು.

“ನಮ್ಮೆಜಮಾನ್ರು ಬದುಕಿದ್ದಾಗ್ಲೂ ಬೆಲ್ಟ್ ಹಾಕ್ತಿರಲಿಲ್ಲ. ಬಾಗಿಲು ತೆಗೆದದ್ದು ಎಲ್ಲಿ?”

“ಇಲ್ಲೇ ಮೇಡಂ, ಈ ಮೆಟ್ಟಿಲ ಮುಂದೆ.”

“ಹಾಗಾದ್ರೆ ಅವರನ್ನ ಇಲ್ಲೇ ಇಳಿಸ್ಕೊಂಡಿದ್ದೀರಿ.”

ಕೀ ತೆಗೆದುಕೊಂಡು ಅವಳು ಕುರ್ಚಿಗಳ ಸಾಲಿನತ್ತ ತಿರುಗಿದಳು. “ಏನ್ರೀ, ಬನ್ನಿ. ಮನೆಗೆ ಹೋಗೋಣ.”

ಹೊರಗೆ ಹೋಗಿ ಹಿಂದಿನ ಬಾಗಿಲು ತೆರೆದು ನಿಂತಳು. ಕಾದಳು. ಮುಚ್ಚಿದಳು. ಕಿಟಕಿ ಇಳಿಸಿಕೊಂಡೇ ಕಾರು ಸದ್ದಿಲ್ಲದೆ ಹೊರಟಿತು. ಬೆಲ್ಟಿನ ಕೂಗು ಈಗ ಕೇಳೀತು, ಈಗ ಕೇಳೀತು ಎಂದು ದರ್ಜಿ ಕಿವಿಗೊಟ್ಟ. ಕೇಳಲಿಲ್ಲ.

ಅವನು ಪಕ್ಕದ ಕುರ್ಚಿಯಿಂದ ಚೀಲವನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.