ಇಪ್ಪತ್ತನೇ ಟ್ಯೂಬು

ಅಯ್ಯೋ, ಕೈ ಯಾಕೆ ಎಳ್ಕೊಳ್ತೀಯಕ್ಕಾ? ಒಂದೇ ಟ್ಯೂಬು ರಕ್ತ! ಮಗು ತನ್ನ ಪಾಡಿಗೆ ಹಾಲು ಕುಡೀಲಿ, ನೀನು ಈ ತೋಳು ಕೊಡು ಸಾಕು. ಹೋದ್ಸಲ ತಗೊಂಡಿದ್ದು... ಒಡೆದೋಯ್ತು. ಒಡೆದೋಯ್ತು ಅಂದ್ನಲ್ಲ! ಲ್ಯಾಬ್ ಮೇಡಂ ರಿಜಿಸ್ಟರ್ ನೋಡಿ, ಇನ್ನೊಂದು ತಗೊಂಡ್ ಬಾ ಅಂದ್ರು.

ಯಾಕೆ ನಗ್ತೀಯಾ? ಸೂಜಿ ಅಂದ್ರೆ ಮಂಚದ ಕೆಳಗೆ ನುಗ್ತಿದ್ದೋನು ಈಗ ಊರೋರ ರಕ್ತ ತೆಗೀತಾನೆ ಅಂತಾನಾ? ನಗು, ನಗು...

ಎಷ್ಟು ಸಲ ಹೇಳ್ಲಿ! ಔಷಧಿ ಹೊಡೆಯೋ ಹೊಲಗಳ ಪಕ್ಕ ಇರೋರ ರಕ್ತದಲ್ಲಿ ಆ ವಿಷ ಎಷ್ಟು ಸೇರಿದೆ ಅಂತ ಅಳೀತಿದೀವಿ. ಹೋಲಿಸಿ ನೋಡೋಕೆ, ಹೊಲದ ಗಾಳಿಯೇ ಸೋಕದ ಇಪ್ಪತ್ತು ಜನ ಬೇಕಿತ್ತು. ಹತ್ತೊಂಬತ್ತು ಸಿಕ್ಕಿದ್ರು. ಮನೆಯೋರನ್ನ ಸೇರಿಸ್ಬಾರ್ದು, ಆದ್ರೂ ನಿನ್ನ ಸೇರಿಸ್ದೆ. ಮೂರನೇ ಮಹಡಿ, ಸುತ್ತ ಬರೀ ಕಾಂಕ್ರೀಟು... ನಿನಗಿಂತ ಚೊಕ್ಕ ರಕ್ತ ಇನ್ಯಾರ್ದು ಅಂದ್ಕೊಂಡೆ.

ಹಂಗೆ ನೋಡ್ಬೇಡ. ಕಳ್ಳನ ಮನಸ್ಸು ಹುಳ್ಳು ಹುಳ್ಳಗೆ, ಗೊತ್ತು, ನೀನು ಬೇರೆ ಗಾದೆ ಹೇಳ್ಬೇಕಾಗಿಲ್ಲ. ಸರಿ... ಒಡೀಲಿಲ್ಲ. ನಿಂದು ಜಾಸ್ತಿ ಬಂತು. ಹೊಲದ ಬೇಲಿಗೇ ಅಂಟ್ಕೊಂಡಿರೋ ಮನೆ ಅಜ್ಜಿಗಿಂತ ಜಾಸ್ತಿ! ಮಷೀನೇ ಕೆಟ್ಟಿರ್ಬೇಕು ಅಂತ ಮೂರು ಸಲ ಹಾಕಿ ನೋಡ್ದೆ. ಮೂರು ಸಲಾನೂ ಅದೇ!

ತಿಗಣೆಗೆ ಏನಾದ್ರೂ ಹೊಡೀತೀಯಾ? ಇಲ್ವಾ? ಜಿರಳೆಗೆ? ಸೊಪ್ಪು ತೊಳೀದೇ... ಛೆ, ನೀನು ನಾಲ್ಕು ನೀರಲ್ಲಿ ತೊಳಿಯೋಳು, ನಂಗೊತ್ತಿಲ್ವಾ.

ಅಲ್ಲೇನು ನೋಡ್ತೀಯಾ? ಬಚ್ಚಲಲ್ಲಿ ಏನೂ ಇಲ್ಲ. ಬಕೆಟ್ಟು. ನೆನೆಹಾಕಿರೋ ನನ್ನ ಕೆಲಸದ ಕೋಟು, ಪ್ಯಾಂಟು... ಹೌದು, ಹೊಲಕ್ಕೆ ಹಾಕ್ಕೊಂಡು ಹೋಗೋದೇ. ಔಷಧಿ ಹೊಡೆದ ಮಾರನೇ ದಿನವೇ ಇಳಿದು ಎಲೆ, ಮಣ್ಣು ತುಂಬ್ಕೊಂಡು ಬರ್ಬೇಕಲ್ಲ ನಾವು. ಬಟ್ಟೆ ಲ್ಯಾಬಲ್ಲೇ ಬಿಚ್ಚಿಟ್ಟು ಬರ್ಬೇಕು, ಅಲ್ಲೇ ಒಗೀತಾರೆ, ಹಂಗಂತ ರೂಲ್ಸೇ ಇದೆ. ಆದ್ರೆ ಅವರು ಒಗೆದ್ರೆ ಕಲೆ ಹೋಗಲ್ಲ ಅಕ್ಕ. ನೀನು ಬರಿಗೈಲಿ ತಿಕ್ಕಿ ತಿಕ್ಕಿ...

ಅಕ್ಕಾ? ಮಗೂನ ಯಾಕೆ ಎದೆಯಿಂದ ಬಿಡಿಸ್ತೀಯಾ? ಅಳ್ತಿದೆ ನೋಡು... ಬೈಯಿ, ಕೆನ್ನೆಗೆ ಎರಡು ಬಾರ್ಸು!

ಬಟ್ಟೆಯಿಂದ್ಲೇ ಅಂತ ನಂಗೆ ನಿನ್ನೆ ಗೊತ್ತಾಗಿದ್ದಲ್ಲ. ಮೂರು ತಿಂಗಳಾಯ್ತು. ಹೇಳಿದ್ರೆ ಕೆಲಸ ಹೋಗ್ತಿತ್ತು... ನಾನೇ ರಿಜಿಸ್ಟರ್‌ನಲ್ಲಿ ಒಡೆದಿದೆ ಅಂತ ಬರೆದೆ.

ಗೊತ್ತಾದ್ಮೇಲೂ ಬಟ್ಟೆ ತಂದು ನಿನ್ನ ಬಕೆಟ್ಟಿಗೇ ಹಾಕ್ತಿದ್ದೆ ಅಕ್ಕ. ಹಾಕೋದು ನಿಲ್ಲಿಸಿದ್ರೆ... ಯಾಕೆ ಅಂತ ನೀನು ಕೇಳ್ತಿದ್ದೆ.